ಭುಜಕ್ಕೆ ನಲವತ್ತು ಮಿಲಿಮೀಟರ್ ಕಡಿಮೆ

"ನಲವತ್ತು ಮಿಲಿಮೀಟರ್ ಕಡಿಮೆ ಇದೆ," ಎಂದ, ಗಾಡಿಯಡಿಯಿಂದ ತೆವಳಿಕೊಂಡು ಹೊರಬಂದ ಮನುಷ್ಯ.

ನೊಯ್ಲೀನ್ ಒಂಬತ್ತು ವರ್ಷ ತನ್ನ ಶೆಡ್ಡಿನಲ್ಲಿ ಒಬ್ಬಳೇ ಕಟ್ಟಿದ ಹಾಟ್ ರಾಡ್ ಅದು, ಅಂದರೆ ಹಳೇ ಕಾರಿನ ಮೈಗೆ ಜೋರಾದ ಎಂಜಿನ್ನು ಕೂರಿಸಿದ್ದು. 1927ರ ಮಾಡೆಲ್ಲಿನ, ತಲೆಯ ಮೇಲೆ ಸೂರಿಲ್ಲದ ಗಾಡಿ. ಅದರ ತಗಡಿನ ಮೈ ಸಿಕ್ಕಿದ್ದು ಒಂದು ಕೋಳಿಗೂಡಿನಲ್ಲಿ. ಅಲ್ಲ, ಅದೇ ಕೋಳಿಗೂಡಾಗಿತ್ತು. ನಲವತ್ತು ವರ್ಷದಿಂದ ಅದರೊಳಗೆ ಸಂಸಾರ ಹೂಡಿದ್ದ ಕೋಳಿಗಳನ್ನು ಒಕ್ಕಲೆಬ್ಬಿಸಲು ಎರಡು ವಾರ ಹಿಡಿದಿತ್ತು. ಒಂದು ಹೇಂಟೆಯಂತೂ ಎಂಟು ಕಿಲೋಮೀಟರ್ ನಡೆದು ಬಂದು, ಡ್ರೈವರ್ ಸೀಟಿನಲ್ಲಿ ಮೊಟ್ಟೆಯಿಟ್ಟು ಹೋಗಿತ್ತು. ಎಂಜಿನ್ನು ಮುಳುಗಿದ ಸ್ಪೀಡ್‌ಬೋಟಿನದು. ಉಳಿದದ್ದೆಲ್ಲ ನೊಯ್ಲೀನಳ ಕೈಯದು.

ಇಂಥ ಗಾಡಿಯ ಬಗ್ಗೆ ಒಬ್ಬ ಗಂಡಸು ಆಡಿದ ಮೊದಲ ಮಾತು, ನಲವತ್ತು ಮಿಲಿಮೀಟರ್ ಕಡಿಮೆ.

"ಏನು ಕಡಿಮೆ?"

"ಸೀಟ್ ಬೆಲ್ಟಿನ ಮೇಲ್ತುದಿ. ಭುಜಕ್ಕಿಂತ ಕೆಳಗಿದೆ. ಮುಚ್ಚಿದ ಕಾರಾದ್ರೆ ಪಕ್ಕದಲ್ಲಿ ಕಂಬ ಇರುತ್ತೆ, ಅದಕ್ಕೆ ಕಟ್ತಾರೆ. ಇದಕ್ಕೆ ಕಂಬಾನೂ ಇಲ್ಲ, ಸೂರೂ ಇಲ್ಲ. ಎದುರಿಂದ ಏನಾದ್ರೂ ಗುದ್ದಿದ್ರೆ ಬೆಲ್ಟು ನಿಮ್ಮನ್ನ ಹಿಂದಕ್ಕೆ ಹಿಡಿಯಲ್ಲ, ಕೆಳಕ್ಕೆ ಅಮುಕುತ್ತೆ. ಬೆನ್ನುಮೂಳೆ ತಿದಿ ಥರ ಮಡಚ್ಕೊಳ್ಳುತ್ತೆ."

ಅವನ ಹೆಸರು ಇಹಾಯಾ. ಮನೆಯಲ್ಲಿ ಕಟ್ಟಿದ ಗಾಡಿಗಳನ್ನು ಪರೀಕ್ಷೆ ಮಾಡಿ, ಸರಿಯಿದ್ದರೆ ಅಂಗೈಯಗಲದ ಒಂದು ಅಲ್ಯೂಮಿನಿಯಂ ಬಿಲ್ಲೆ ಹೊಡೆದುಕೊಡುವ ಇನ್‌ಸ್ಪೆಕ್ಟರ್. ಬಿಲ್ಲೆ ಇದ್ದರೆ ರಸ್ತೆ. ಇಲ್ಲದಿದ್ದರೆ ಶೆಡ್ಡು. ಆ ಕರಾವಳಿಯಲ್ಲಿ, ನೊಯ್ಲೀನಳ ಊರು ರಿವರ್ಟನ್ನಿನಿಂದ ಇನ್ವರ್‌ಕಾರ್ಗಿಲ್‌ವರೆಗೆ ಎಲ್ಲರಿಗೂ ಅವನ ಪರಿಚಯವಿತ್ತು, ಏಕೆಂದರೆ ಎಲ್ಲರನ್ನೂ ಅವನು ಒಮ್ಮೆಯಾದರೂ ಫೇಲ್ ಮಾಡಿದ್ದ. ಸ್ವಂತ ಅಣ್ಣನ ಗಾಡಿಯನ್ನು ಹನ್ನೊಂದು ಸಲ ಫೇಲ್ ಮಾಡಿದ್ದಕ್ಕೆ ಅಣ್ಣ ಆರು ವರ್ಷದಿಂದ ಮಾತು ಬಿಟ್ಟಿದ್ದ. ಕೇಳಿದರೆ ಇಹಾಯಾ ಹೇಳುತ್ತಿದ್ದುದು ಇಷ್ಟೇ: "ಬದುಕಿದ್ದಾನಲ್ಲ."

"ಸ್ವಲ್ಪ ಕೂತ್ಕೊಳ್ಳಿ," ಎಂದು ಸ್ಟೀಲ್ ಟೇಪು ತೆಗೆದ. "ಇನ್ನೊಂದ್ಸಲ ಅಳೀತೀನಿ."

ನೊಯ್ಲೀನ್ ಹಲ್ಲು ಕಚ್ಚಿಕೊಂಡು ಕುಳಿತಳು. ಅವನು ಸೀಟಿನಿಂದ ಅವಳ ಭುಜದವರೆಗೆ ಟೇಪು ಹಿಡಿದ. ಒಂದು ಬೆರಳು ದೂರದಲ್ಲಿ, ಎಲ್ಲೂ ತಾಕದಂತೆ. ಗ್ರೀಸು ಹತ್ತಿದ ದೊಡ್ಡ ಕೈ, ಆದರೆ ಚೂರೂ ಅಲುಗಾಡಲಿಲ್ಲ. ಅವನ ಉಸಿರಿಗೆ ಅವಳ ಕಿವಿಯ ಹತ್ತಿರದ ಕೂದಲು ಅಲುಗಾಡಿತು, ಆಮೇಲೆ ಅದೂ ನಿಂತಿತು.

"ಉಸಿರು ಬಿಡಿ," ಎಂದ. "ಬಿಗಿಹಿಡಿದ್ರೆ ಭುಜ ಮೇಲಕ್ಕೆ ಹೋಗುತ್ತೆ. ಅಳತೆ ತಪ್ಪುತ್ತೆ."

"ನಾನು ಬಿಟ್ಟೇ ಇದೀನಿ. ಹಿಡ್ಕೊಂಡಿರೋದು ನೀವು."

ಅವನ ಕಿವಿ ಕೆಂಪಾಯಿತು. ಟೇಪು ಟಪ್ಪೆಂದು ಒಳಗೆ ಓಡಿತು. "ನಲವತ್ತೊಂದು," ಎಂದು ಬರೆದುಕೊಂಡು ಹೊರಟ.

ಆ ಒಂದು ಮಿಲಿಮೀಟರಿಗೆ ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಸಿಟ್ಟಿನಲ್ಲೇ ನೆಟ್ಟಗೆ ಹಾಟ್ ರಾಡ್ ಕ್ಲಬ್ಬಿಗೆ ಹೋದಳು. ಅಲ್ಲಿ ಅಧ್ಯಕ್ಷ ಟ್ರೆವರ್ ಕೇಳಿದ್ದು, "ಏನಮ್ಮಾ, ಈ ವರ್ಷಾನೂ ನಿನ್ನ ಗಾಡಿಗೆ ಗರ್ಭವಾಸಾನೇನಾ?"

"ಬರೋ ತಿಂಗಳು ಬೀಚ್ ರ‍್ಯಾಲಿಗೆ ಬಿಲ್ಲೆ ಹೊಡ್ಕೊಂಡು ಬರ್ತೀನಿ," ಎಂದಳು ನೊಯ್ಲೀನ್. "ಬರ್ಲಿಲ್ಲಾ ಅಂದ್ರೆ ಅದನ್ನ ನಿಮ್ಮ ಕ್ಲಬ್ಬಿನ ಬಾಗಿಲಲ್ಲಿಟ್ಟು ಮಣ್ಣು ತುಂಬಿ ಹೂಕುಂಡ ಮಾಡ್ಕೊಳ್ಳಿ!"

ಅರವತ್ತು ಜನ ಕೇಳಿಸಿಕೊಂಡರು. ಟ್ರೆವರ್ ಮಾರನೆಯ ದಿನವೇ ಒಂದು ಟ್ರೇ ಜೆರೇನಿಯಂ ಹೂವಿನ ಸಸಿ ತಂದಿಟ್ಟುಕೊಂಡ.

ಇಹಾಯಾನ ಮೇಲೆ ಹನ್ನೊಂದು ಪುಟದ ದೂರನ್ನೂ ಬರೆದಳು, ಚಿತ್ರಸಮೇತ. ಇನ್‌ಸ್ಪೆಕ್ಟರುಗಳ ಸಂಘದವರು ಅದನ್ನು ಅಭಿಪ್ರಾಯಕ್ಕಾಗಿ ಇಹಾಯಾನಿಗೇ ಕಳಿಸಿದರು. ಅವನು ಮೂರನೆಯ ಚಿತ್ರದಲ್ಲಿ ಒಂದು ಕೋನ ತಪ್ಪಿದ್ದನ್ನು ಪೆನ್ಸಿಲಿನಲ್ಲಿ ತಿದ್ದಿ, ಪಕ್ಕದಲ್ಲಿ "ಉಳಿದದ್ದೆಲ್ಲ ಚೆನ್ನಾಗಿ ಬಿಡಿಸಿದ್ದೀರಿ" ಎಂದು ಬರೆದು ವಾಪಸು ಕಳಿಸಿದ.

*

ಎರಡನೆಯ ಸಲ ಬಂದಾಗ ಡ್ರೈವರ್ ಬೆಲ್ಟಿಗೆ ಹೊಸ ಕಬ್ಬಿಣದ ಕಮಾನು ಎದ್ದಿತ್ತು. ಇಹಾಯಾ ಗಾಡಿಯಡಿ ಎರಡು ಗಂಟೆ ಮಲಗಿದ್ದ. ಹೊರಗೆ ಗಾಳಿ. ರಿವರ್ಟನ್ನಿನ ಗಾಳಿ ಹೇಗೆಂದರೆ, ಸೋಮವಾರ ಒಣಹಾಕಿದ ಅಂಗಿ ಬುಧವಾರ ಪಕ್ಕದೂರಿನವರ ಮೈಮೇಲೆ ಕಾಣಿಸುತ್ತದೆ. ನೊಯ್ಲೀನ್ ಸುತ್ತಿಗೆ ಹಿಡಿದು ಅವನ ಬೂಟುಗಳನ್ನೇ ನೋಡುತ್ತ ನಿಂತಿದ್ದಳು.

"ಕನ್ನಡಿ ಅಂಚು ಚೂಪಾಗಿದೆ," ಎಂದವು ಬೂಟುಗಳು. "ರಸ್ತೆ ದಾಟೋ ಅಜ್ಜಿಗೆ ತಾಗಿದ್ರೆ?"

"ಆ ಅಜ್ಜಿ ನನ್ನ ಗಾಡಿ ಮೇಲೆ ಯಾಕೆ ಹತ್ತಿದ್ಳು?"

"ಹತ್ತಲ್ಲ. ನೀವೇ ಹತ್ತಿಸ್ತೀರ." ಅವನು ಹೊರಗೆ ಬಂದ. ಹುಬ್ಬಿನ ಮೇಲೆ ಎಣ್ಣೆಯ ಹನಿ. "ಪಕ್ಕದ ಸೀಟಿಗೆ ಬೆಲ್ಟೇ ಇಲ್ವಲ್ಲ?"

"ಅಲ್ಲಿ ಯಾರೂ ಕೂರಲ್ಲ."

"ಸೀಟಿದೆ."

"ಅದು ನನ್ನ ಊಟದ ಡಬ್ಬಿಗೆ."

"ಹಾಗಾದ್ರೆ ಡಬ್ಬಿಗೂ ಬೆಲ್ಟ್ ಬೇಕು."

"ಯಾರ ಭುಜದ ಎತ್ತರಕ್ಕೆ ಹಾಕ್ಲಿ ಮತ್ತೆ? ಡಬ್ಬಿಗೆ ಭುಜ ಇಲ್ಲ!"

"ಯಾರು ಕೂರ್ತಾರೋ ಅವರದಕ್ಕೆ," ಎಂದ ಇಹಾಯಾ, ಅವಳ ಮುಖ ನೋಡದೆ. ಆಮೇಲೆ ಗೋಡೆಗೊರಗಿ ಬೆಂಚಿನ ಮೇಲೆ ಕುಳಿತು, ಮೂರು ಹಾಳೆ ತುಂಬ ತಪ್ಪುಗಳನ್ನು ನಿಧಾನವಾಗಿ ಬರೆದ. ಅವಳು ಸಿಟ್ಟಿಗೆ ಸುಟ್ಟ ಚೀಸ್ ರೋಲುಗಳನ್ನು ತಟ್ಟೆಗೆ ಕುಕ್ಕಿ ಎದುರಿಗಿಟ್ಟಳು. ಐದನ್ನೂ ತಿಂದ. "ತಳ ಸೀದಿದೆ," ಎಂದು ಹೇಳಿ ಹೋದ.

ಅದನ್ನೂ ಫೇಲ್ ಮಾಡಿದ!

ಬಾಗಿಲು ಒದ್ದು ಒಳಗೆ ಬಂದವಳಿಗೆ ಗೋಡೆ ಕಾಣಿಸಿತು. ಬಿಳಿ ಸುಣ್ಣದ ಮೇಲೆ, ಬೆಂಚಿನ ಹಿಂದೆ, ಅವನು ಒರಗಿದ್ದ ಜಾಗದಲ್ಲಿ ಜಾಕೆಟ್ಟಿನ ಎಣ್ಣೆಯ ಗುರುತು. ಎರಡು ಭುಜ, ಅಚ್ಚೊತ್ತಿದಂತೆ.

ಒರೆಸಲೆಂದು ಬಟ್ಟೆ ತಂದಳು. ಒರೆಸಲಿಲ್ಲ. ಟೇಪು ತಂದಳು. ಬೆಂಚಿನಿಂದ ಗುರುತಿಗೆ ಆರುನೂರ ನಲವತ್ತು ಮಿಲಿಮೀಟರ್. ಯಾರೂ ನೋಡುತ್ತಿಲ್ಲವೆಂದು ಒಮ್ಮೆ ಸುತ್ತ ನೋಡಿ, ವೆಲ್ಡಿಂಗ್ ಮುಸುಕು ಹಾಕಿಕೊಂಡಳು. ಮುಸುಕಿನೊಳಗೆ ಮುಖ ಕೆಂಪಾದರೆ ಅದು ಶಾಖಕ್ಕೆ.

*

ಮೂರನೆಯ ಪರೀಕ್ಷೆ, ರ‍್ಯಾಲಿಗೆ ಐದು ದಿನ ಮೊದಲು, ಸೋಮವಾರ. ಇಹಾಯಾ ನಾಲ್ಕು ಗಂಟೆ ನೋಡಿದ. ಪಕ್ಕದ ಸೀಟಿನ ಬೆಲ್ಟಿಗೆ ಬಂದಾಗ ನಿಯಮದಂತೆ ಒಬ್ಬರು ಕುಳಿತು ತೋರಿಸಬೇಕು. ಅವನು ಕೂರಲು ಹಿಂಜರಿದ. ನೊಯ್ಲೀನಳೇ ಹಾರಿ ಕುಳಿತಳು. ಬೆಲ್ಟು ಅವಳ ಕಿವಿಯ ಹತ್ತಿರ ಬಂತು.

"ಎತ್ತರ ಆಯ್ತಲ್ಲ?"

"ಎತ್ತರ ಇದ್ರೆ ತಪ್ಪಾ?"

"ತಪ್ಪಿಲ್ಲ. ಕೆಳಗಿದ್ರೆ ತಪ್ಪು."

"ಹಾಗಾದ್ರೆ ಬರ್ಕೊಳ್ಳಿ."

ಯಾಕೆ ಎತ್ತರ ಎಂದು ಕೇಳಿದರೆ ಹೇಳಲು ಒಂದು ಒಳ್ಳೆಯ ಸುಳ್ಳು ಸಿದ್ಧವಾಗಿತ್ತು. ಅವನು ಕೇಳಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟು ಬಂತು.

ನೂರಾ ಹನ್ನೆರಡು ಅಂಶಗಳಿಗೂ ಸರಿ ಗುರುತು ಬಿತ್ತು. ಕೊನೆಯ ಪುಟ ತೆರೆದ. ಪೆನ್ನಿನ ತುದಿ ಕಾಗದದ ಮೇಲೆ ನಿಂತಿತು. ನಿಂತೇ ಇತ್ತು. ಆಮೇಲೆ ಪೆನ್ನಿಗೆ ಕ್ಯಾಪು ಹಾಕಿದ.

"ನನ್ನ ಕೈಯಲ್ಲಿ ಆಗಲ್ಲ," ಎಂದ. "ಉತ್ತರದ ಕಡೆ ಊರಲ್ಲಿ ಕ್ಲೈವ್ ಅಂತ ಇನ್ನೊಬ್ಬ ಇನ್‌ಸ್ಪೆಕ್ಟರ್ ಇದಾನೆ. ಅವನ ಹತ್ರ ತಗೊಂಡು ಹೋಗಿ."

"ಏನು ತಪ್ಪಿದೆ?"

"ಗಾಡೀಲಿ ಏನೂ ತಪ್ಪಿಲ್ಲ."

"ಮತ್ತೆ?"

ಅವನು ಟೋಪಿ ಹಾಕಿಕೊಂಡು ಗಾಳಿಯೊಳಗೆ ನಡೆದ. ನೊಯ್ಲೀನ್ ಅವನ ಬೆನ್ನಿಗೆ ಬೈದ ಬೈಗುಳದಲ್ಲಿ ಅರ್ಧವನ್ನು ಗಾಳಿ ಒಯ್ದಿತು. ಸಮುದ್ರದಾಚೆಯ ದ್ವೀಪದವರು ಆ ದಿನ ಮಕ್ಕಳನ್ನು ಒಳಗೆ ಕರೆದುಕೊಂಡರಂತೆ.

*

ಬುಧವಾರ ಗಾಡಿಯನ್ನು ಟ್ರೇಲರಿಗೆ ಹೇರಿ ಎರಡು ಗಂಟೆ ದಾರಿ ಸವೆಸಿದಳು. ಕ್ಲೈವ್ ಒಳ್ಳೆಯ ಹೊಟ್ಟೆಯ ಮನುಷ್ಯ. ಕೈಯಲ್ಲಿ ಚಹದ ಮಗ್ ಹಿಡಿದೇ ಬಂದ. ಗಾಡಿಯ ಸುತ್ತ ಒಂದು ಸುತ್ತು ಹಾಕಿದ. ಚಕ್ರಕ್ಕೆ ಒಂದು ಒದೆ. ಹಾರ್ನು ಒತ್ತಿದ, ನಕ್ಕ.

"ನೀನೇ ಮಾಡಿದ್ದಾ? ಹೆಣ್ಮಗಳು ಮಾಡಿದ್ದು ಅಂತ ಗೊತ್ತೇ ಆಗಲ್ಲ!"

ಸಹಿ ಹಾಕಿ ಬಿಲ್ಲೆ ಕೊಟ್ಟ. ಎಲ್ಲ ಸೇರಿ ಹನ್ನೆರಡು ನಿಮಿಷ. ಮಗ್ಗಿನಲ್ಲಿ ಚಹ ಇನ್ನೂ ಬಿಸಿಯಿತ್ತು.

ಬಿಲ್ಲೆ ಅವಳ ಅಂಗೈಯಲ್ಲಿತ್ತು. ಎರಡು ರಿವೆಟ್ ಮೊಳೆ ಹೊಡೆದರೆ ಶನಿವಾರ ಬೀಚಿನ ಮರಳು. ಟ್ರೆವರನ ಜೆರೇನಿಯಂ ಅವನ ತಲೆಯ ಮೇಲೆ.

"ನೀವು ಕೆಳಗೆ ಮಲಗ್ಲೇ ಇಲ್ಲ," ಎಂದಳು.

"ಯಾಕೆ ಮಲಗ್ಲಿ? ನೋಡಿದ್ರೇ ಗೊತ್ತಾಗುತ್ತೆ, ಚೆನ್ನಾಗಿದೆ."

"ಸ್ಟಿಯರಿಂಗ್ ಜಾಯಿಂಟು ಕೆಳಗಿದೆ! ನಾಲ್ಕು ತಿಂಗಳು ಮಾಡಿದೀನಿ ಅದನ್ನ! ಒಂದ್ಸಲ ಬಗ್ಗಿ ನೋಡೋಕೇನು ರೋಗ ನಿಮಗೆ?"

"ಪಾಸ್ ಮಾಡಿದೀನಲ್ಲಮ್ಮಾ, ಯಾಕೆ ಬೈತೀಯ?"

"ನೋಡದೇ ಪಾಸ್ ಮಾಡೋದು ಅವಮಾನ ಕಣಯ್ಯಾ!" ಎಂದು ಬಿಲ್ಲೆಯನ್ನು ಅವನ ಚಹದ ಮಗ್ಗಿಗೆ ಹಾಕಿ, ಗಾಡಿ ಹೇರಿಕೊಂಡು ಹೊರಟುಬಿಟ್ಟಳು.

ಅರ್ಧ ದಾರಿ ಬಂದ ಮೇಲೆ ಮಾಡಿದ ಕೆಲಸ ಏನೆಂದು ಹೊಳೆಯಿತು. ಗಾಡಿ ಹೂಕುಂಡವಾಗಲಿತ್ತು. ಸ್ಟಿಯರಿಂಗ್ ಗುದ್ದಿ ಗುದ್ದಿ ಅತ್ತಳು. ಆಮೇಲೆ ಮನೆಯ ತಿರುವು ಬಿಟ್ಟು ಇಹಾಯಾನ ವರ್ಕ್‌ಶಾಪಿನ ಕಡೆಗೆ ತಿರುಗಿಸಿದಳು.

ಅವನು ಇನ್ಯಾರದೋ ಗಾಡಿಯಡಿ ಇದ್ದ. ಬೂಟುಗಳು ಮಾತ್ರ ಹೊರಗೆ.

"ಅವನು ಮಲಗ್ಲೇ ಇಲ್ಲ!" ಎಂದು ಬೂಟುಗಳಿಗೆ ಕೂಗಿದಳು.

ಒಳಗೆ ಸ್ಪ್ಯಾನರ್ ಸದ್ದು ನಿಂತಿತು. "ಬ್ರೇಕ್ ಪೈಪ್ ನೋಡಿದ್ನಾ?"

"ಇಲ್ಲ!"

"ಸ್ಟಿಯರಿಂಗ್ ಜಾಯಿಂಟು?"

"ಇಲ್ಲ!"

"ಥೂ ಅವನ!" ಗಾಡಿಯಡಿಯಿಂದ ಠಣ್ಣನೆ ಸದ್ದು. ತಲೆಗೆ ಚಾಸಿಸ್ ಹೊಡೆದಿತ್ತು. "ಅಂಥ ಜಾಯಿಂಟು! ಮೀನಿನ ಮೈ ಮೇಲಿನ ಪೊರೆ ಥರ ವೆಲ್ಡಿಂಗು! ಇಪ್ಪತ್ತು ವರ್ಷದಲ್ಲಿ ನಾನು ಅಂಥದ್ದು ನೋಡಿಲ್ಲ. ಸುಮ್ನೆ ನೋಡ್ತಾ ಅರ್ಧ ಗಂಟೆ ಹೆಚ್ಚಿಗೆ ಮಲಗಿದ್ದೆ ಅವತ್ತು!"

ನೊಯ್ಲೀನ್ ಬೂಟು ಹಿಡಿದು ಅವನನ್ನು ಹೊರಗೆಳೆದಳು. ಹಣೆಯ ಮೇಲೆ ಬುಗುಟಿ ಏಳುತ್ತಿತ್ತು.

"ಅಷ್ಟು ಚೆನ್ನಾಗಿದ್ರೆ ಸಹಿ ಯಾಕೆ ಹಾಕ್ಲಿಲ್ಲ ನೀನು?"

ಅವನು ಎದ್ದು, ಕೈ ಒರೆಸಿಕೊಂಡು, ಡ್ರಾಯರಿನಿಂದ ಅವಳ ಫಾರಂ ತೆಗೆದ. ಕೊನೆಯ ಪುಟದಲ್ಲಿ, ಪಾಸ್ ಮಾಡುವಾಗ ಮಾತ್ರ ಸಹಿ ಬೀಳುವ ಜಾಗದ ಮೇಲೆ, ಒಂದೇ ಸಾಲು ಅಚ್ಚಾಗಿತ್ತು: 'ಈ ವಾಹನದ ಮಾಲೀಕರು ನನಗೆ ಬಂಧುವಲ್ಲ, ಅವರ ಬಗ್ಗೆ ನನಗೆ ಯಾವ ವಿಶೇಷ ಒಲವೂ ಇಲ್ಲ ಎಂದು ದೃಢೀಕರಿಸುತ್ತೇನೆ.' ಅದರ ಕೆಳಗೆ ಖಾಲಿ. ಪೆನ್ನಿನ ತುದಿ ನಿಂತಿದ್ದಲ್ಲಿ ಒಂದು ನೀಲಿ ಚುಕ್ಕಿ ಮಾತ್ರ.

"ಇವತ್ತಿನವರೆಗೆ ಸುಳ್ಳಿಗೆ ಸಹಿ ಹಾಕಿಲ್ಲ," ಎಂದ ಇಹಾಯಾ.

ಹೊರಗೆ ಗಾಳಿ ಕೂಡ ಒಂದು ಗಳಿಗೆ ಸುಮ್ಮನಾಯಿತು. ಆ ಊರಿನಲ್ಲಿ ಇದು ಹಿಂದೆ ಒಮ್ಮೆ ಮಾತ್ರ ಆಗಿತ್ತಂತೆ.

"ಯಾವಾಗಿಂದ?"

"ನಲವತ್ತು ಮಿಲಿಮೀಟರಿಂದ. ಎರಡನೇ ಸಲ ಅಳೆದಾಗ ನಾನು ಟೇಪು ನೋಡ್ತಿರ್ಲಿಲ್ಲ. ಅದಕ್ಕೇ ನಲವತ್ತೊಂದು ಬಂತು."

"ಇದನ್ನ ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಂಗೆ?"

"ನಿನ್ನ ಕೈಯಲ್ಲಿ ಸುತ್ತಿಗೆ ಇತ್ತು."

ಅವಳು ಫಾರಂ ಮಡಚಿ ಜೇಬಿಗಿಟ್ಟಳು. "ನಾಳೆ ಎಂಟು ಗಂಟೆಗೆ ರೆಡಿ ಇರು," ಎಂದಳು. "ಇಬ್ಬರೂ ಹೋಗ್ತಾ ಇದೀವಿ ಕ್ಲೈವ್ ಹತ್ರ."

*

"ಮಲಕ್ಕೋ ಕ್ಲೈವ್," ಎಂದ ಇಹಾಯಾ, ಕೈಯಲ್ಲಿ ನಿಯಮಗಳ ದಪ್ಪ ಪುಸ್ತಕ ಹಿಡಿದು.

"ಹೊಟ್ಟೆ ಹಿಡಿಸಲ್ಲ ಮಾರಾಯ."

"ಜ್ಯಾಕ್ ಏರಿಸ್ತೀನಿ. ಮಲಕ್ಕೋ. ಇಲ್ಲಾಂದ್ರೆ ನಿನ್ನ ಹನ್ನೆರಡು ನಿಮಿಷದ ಕಥೆ ಸಂಘಕ್ಕೆ ಬರೀತೀನಿ. ಇವಳು ಬರೆದ್ರೆ ಹನ್ನೊಂದು ಪುಟ ಬರೀತಾಳೆ, ನೋಡು."

ಕ್ಲೈವ್ ಮಲಗಿದ. ಇಹಾಯಾ ಪುಸ್ತಕ ಓದಿದ, ಕ್ಲೈವ್ ಒಳಗಿನಿಂದ "ಸರಿ ಇದೆ" ಎಂದು ನರಳಿದ. ನಾಲ್ಕು ಗಂಟೆ ಹೀಗೇ ನಡೆಯಿತು. ಸ್ಟಿಯರಿಂಗ್ ಜಾಯಿಂಟಿನ ಹತ್ತಿರ ಮಾತ್ರ ಕನ್ನಡಕ ಕೇಳಿ ತರಿಸಿಕೊಂಡ. ಆಮೇಲೆ ಮೆತ್ತಗೆ, "ಅಬ್ಬಬ್ಬಾ" ಎಂದು ಕೇಳಿಸಿತು. ನೊಯ್ಲೀನ್ ಕಣ್ಣು ಒರೆಸಿಕೊಂಡು ಗಾಳಿಗೆ ಧೂಳು ಎಂದಳು. ಅಲ್ಲಿ ಗಾಳಿ ಇರಲಿಲ್ಲ.

ಕೊನೆಗೆ ಪಕ್ಕದ ಸೀಟು. "ಯಾರಾದ್ರೂ ಕೂತ್ಕೊಳ್ಳಿ," ಎಂದ ಕ್ಲೈವ್, ಈಗ ಶ್ರದ್ಧೆ ಬಂದು. "ಬೆಲ್ಟ್ ಬಹಳ ಎತ್ತರ ಇದೆ. ಇದು ಯಾರ ಅಳತೆಗೆ ಮಾಡಿದ್ದು? ಇಹಾಯಾ, ನೀನೇ ಕೂತ್ಕೋ."

ಇಹಾಯಾ ನೊಯ್ಲೀನಳ ಕಡೆ ನೋಡಿದ. ಅವಳು ಚಕ್ರದ ನಟ್ಟುಗಳನ್ನು ಎಣಿಸುತ್ತಿದ್ದಳು. ಅವನು ಕುಳಿತ. ಬೆಲ್ಟು ಎಳೆದ.

ಅದು ಭುಜದ ಮೇಲೆ ಬಂದು ಕುಳಿತಿತು. ಒಂದು ಮಿಲಿಮೀಟರ್ ಹೆಚ್ಚಿಲ್ಲ, ಕಡಿಮೆಯಿಲ್ಲ. ಕ್ಲೈವ್ ಟೇಪು ಹಿಡಿದು, "ಆರುನೂರ ನಲವತ್ತು," ಎಂದ. "ದರ್ಜಿ ಹೊಲಿದ ಹಾಗಿದೆ."

"ಯಾವಾಗ ಅಳೆದೆ?" ಎಂದ ಇಹಾಯಾ.

"ನೀನು ನನ್ನ ಗೋಡೆ ಹಾಳು ಮಾಡಿ ಹೋದ ದಿನ!" ನೊಯ್ಲೀನ್ ಸಿಡಿದಳು. "ಭುಜದ ಗುರುತು ಇನ್ನೂ ಹಾಗೇ ಇದೆ, ಸುಣ್ಣ ಹೊಡೆದಿಲ್ಲ ನಾನು! ಸೋಮವಾರ ನಾಲ್ಕು ಗಂಟೆ ನೋಡ್ದೆ ನೀನು. ನೂರಾ ಹನ್ನೆರಡು ಸಂಗತಿ ನೋಡ್ದೆ. ಬೋಲ್ಟಿನ ಹಲ್ಲು ಎಣಿಸ್ದೆ. ಒಂದ್ಸಲ ಕೂತು ನೋಡೋಕಾಗ್ಲಿಲ್ಲ ನಿಂಗೆ! ಎಂಥ ಇನ್‌ಸ್ಪೆಕ್ಟರೋ ನೀನು?"

ಇಹಾಯಾ ಬೆಲ್ಟಿನೊಳಗೆ ಕುಳಿತೇ ಇದ್ದ. ಬಿಚ್ಚುವ ಯೋಚನೆ ಅವನಿಗೆ ಇದ್ದಂತೆ ಕಾಣಲಿಲ್ಲ.

"ಫೇಲ್ ಮಾಡು ನನ್ನ," ಎಂದ.

"ಮಾಡಿದೀನಿ," ಎಂದಳು. ಹೇಳಿ, ಬಾಗಿಲಿಲ್ಲದ ಗಾಡಿಯ ಅಂಚಿನ ಮೇಲೆ ಬಗ್ಗಿ, ಅವನ ಹಣೆಯ ಬುಗುಟಿಯ ಮೇಲೆ ಒಂದು ಮುತ್ತು ಕೊಟ್ಟಳು. ಕ್ಲೈವ್ ಗೋಡೆಯ ಕ್ಯಾಲೆಂಡರನ್ನು ಬಹಳ ಗಮನವಿಟ್ಟು ಓದಿದ. ಬಿಲ್ಲೆಗೆ ರಿವೆಟ್ ಹೊಡೆದದ್ದು ಮಾತ್ರ ನೊಯ್ಲೀನ್, ತನ್ನ ಕೈಯಾರೆ.

ಶನಿವಾರ ಬೀಚಿನಲ್ಲಿ ಟ್ರೆವರ್ ಜೆರೇನಿಯಂ ಟ್ರೇ ಹಿಡಿದು ನಿಂತಿದ್ದ. ಗಾಡಿ ಪಕ್ಕದಲ್ಲಿ ಹಾದ ರಭಸಕ್ಕೆ ಒಂದೊಂದೇ ಸಸಿ ಎದ್ದು ಹಾರಿತು. ಆ ಕರಾವಳಿಯಲ್ಲಿ ಮೂವತ್ತು ಮೈಲಿ ಉದ್ದಕ್ಕೂ ಈಗಲೂ ಅಲ್ಲಲ್ಲಿ ಕೆಂಪು ಹೂ ಕಾಣಿಸುತ್ತದೆ. ಬೇಕಾದರೆ ಹೋಗಿ ನೋಡಿ.

ಇಹಾಯಾ ಪಕ್ಕದ ಸೀಟಿನಲ್ಲಿ, ಮಡಿಲಲ್ಲಿ ಊಟದ ಡಬ್ಬಿ ಹಿಡಿದು ಕುಳಿತಿದ್ದ. ಸ್ವಲ್ಪ ದೂರ ಹೋದ ಮೇಲೆ ತಲೆ ವಾಲಿಸಿ ಆಲಿಸಿದ.

"ಬಲಗಡೆ ಏನೋ ಕಟಕಟ ಅಂತಿದೆ."

"ಅದು ನನ್ನ ಹಲ್ಲು," ಎಂದಳು ನೊಯ್ಲೀನ್. "ಸುಮ್ನೆ ಕೂತ್ಕೋ."