ಜೆಸಿಬಿ ನಿಂತಾಗ ಕೇಳಿಸಿದ್ದು

"ಬಾಯಿ ಮುಚ್ಚಿ!"

ಅಪ್ಪಾ ಅಪ್ಪಾ ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ ಪ್ರಾಪ್ತಿಗೆ ಶಿಶಿರ್ ಹೇಳಿದ ಮೊದಲ ಮಾತೇ ಇದು. ಎಂಥ ಮನುಷ್ಯ ನೋಡಿ!

ಮುಂಡಾಜೆಯಲ್ಲಿ ರಸ್ತೆ ಬದಿಯ ಗುಡ್ಡ ಜರಿದು ಅವಳ ಅಪ್ಪ ಭೋಜ ಶೆಟ್ಟರ ಹೋಟೆಲು ಮಣ್ಣಿನಡಿ ಸೇರಿತ್ತು. ಒಳಗಿದ್ದದ್ದು ಅವರೊಬ್ಬರೇ. ಎಲ್ಲೆಲ್ಲಿನ ಭೂಕಂಪಕ್ಕೂ ಓಡುವ ಅಂತರರಾಷ್ಟ್ರೀಯ ಪರಿಹಾರ ಸಂಸ್ಥೆಯ ತಂಡದೊಂದಿಗೆ ಬಂದಿದ್ದ ಮೂಡುಬಿದಿರೆಯ ಶಿಶಿರ್, ಅಗೆಯುತ್ತಿದ್ದ ಜೆಸಿಬಿಯನ್ನೇ ನಿಲ್ಲಿಸಿಬಿಟ್ಟ. ಎಲ್ಲರನ್ನೂ ಸುಮ್ಮನಿರಿಸಿ, ಕುಸಿದ ಗೋಡೆಗೆ ಕಿವಿಯಿಟ್ಟು ಮಲಗಿದ. ಆಮೇಲೆ ಥಟ್ಟನೆ ಎದ್ದು, ಎಲ್ಲರೂ ಓಡಿ ಎಂದು ಕೂಗುತ್ತಾ ಅವಳ ಕೈ ಹಿಡಿದು ದರದರನೆ ಎಳೆದುಕೊಂಡು ಹೋದ.

ಅವರ ಬೆನ್ನ ಹಿಂದೆಯೇ ಗುಡ್ಡ ಮತ್ತೊಮ್ಮೆ ಜರಿಯಿತು... ಮರುದಿನ ಅಪ್ಪನ ಹೆಣ ಸಿಕ್ಕಿತು.

ಒಳಗಿಂದ ಏನೂ ಕೇಳಿಸಲಿಲ್ಲ ಎಂದಿದ್ದ ಶಿಶಿರ್. ಹಾಗಾದರೆ ಜೆಸಿಬಿ ನಿಲ್ಲಿಸಿದ್ದು ಯಾಕೆ? ಅಷ್ಟು ಹೊತ್ತು ಅಗೆದಿದ್ದರೆ ಅಪ್ಪ ಉಳಿಯುತ್ತಿದ್ದರಲ್ಲಾ! ಅಪ್ಪನ ಕೊನೆಯ ಕೂಗು ಯಾರ ಕಿವಿಗೂ ಬೀಳದೆ ಹೋಯಿತಲ್ಲಾ!

ಶಾಲೆಯಲ್ಲಿ ತೆರೆದಿದ್ದ ಪರಿಹಾರ ಕೇಂದ್ರದಲ್ಲಿ ಪ್ರಾಪ್ತಿಗೆ ಇದೊಂದೇ ಯೋಚನೆ. ಶಿಶಿರ್ ತಂದ ಕುಡಿಯುವ ನೀರನ್ನೂ ಅವಳು ಮುಟ್ಟಲಿಲ್ಲ. ಅವಳಿಗೆ ಜ್ವರ ಬಂದಾಗ ಜಗಲಿಯಲ್ಲಿ ಕೂತು ಕಾದವನೂ ಅವನೇ ಎಂದು ಚಿಕ್ಕಮ್ಮ ವಿನೋದಾ ಹೇಳಿದರು. ಆಮೇಲಾಮೇಲೆ ಅವನ ಜೀಪಿನ ಸದ್ದಿಗಾಗಿ ಅವಳು ಕಾಯತೊಡಗಿದಳು. ಪ್ರೀತಿಯೇ ಅದು, ಬೇರೇನಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಅಪ್ಪನನ್ನು ಸಾಯಲು ಬಿಟ್ಟವನಿಗಾಗಿ ಕಾಯುವುದಾ?

ಕೇಂದ್ರ ಮುಚ್ಚುವ ದಿನ ಅವನು ಹೇಳಿ ಹೋಗಲು ಬಂದ. ಯಾವುದೋ ದೇಶದಲ್ಲಿ ಭೂಕಂಪವಾಗಿತ್ತು, ಸಂಜೆಗೇ ಹೊರಡಬೇಕಿತ್ತು. ಪ್ರಾಪ್ತಿ ಅಡ್ಡ ನಿಂತಳು.

"ಆ ದಿನ ಜೆಸಿಬಿ ಯಾಕೆ ನಿಲ್ಲಿಸಿದ್ದು?"

"ಒಳಗಿನ ಸ್ವರ ಕೇಳ್ಬೇಕಿತ್ತು." ಅವನು ತಲೆ ತಗ್ಗಿಸಿದ. "ಕೇಳಿತು. ನಾನು ಸುಳ್ಳು ಹೇಳಿದ್ದು."

ಅಪ್ಪ ಏನು ಹೇಳಿದರು ಎಂದು ಅವಳು ಕೇಳಿದಳು.

"ಮೇಲಿನ ಮಣ್ಣು ಇಳೀತಾ ಉಂಟು, ಮಗಳನ್ನು ಕರ್ಕೊಂಡು ಓಡಿ ಅಂತ ಹೇಳಿದ್ರು. ಜೀವ ಇದ್ದವರನ್ನು ಬಿಟ್ಟು ಓಡಿದೆ ಪ್ರಾಪ್ತಿ... ಅದನ್ನು ನಿಮಗೆ ಹೇಗೆ ಹೇಳುವುದು? ನಿಮ್ಮಿಂದಾಗಿ ಅಪ್ಪ ಹೋದ್ರು ಅಂತ ಕೊರಗುವುದಕ್ಕಿಂತ ನನ್ನನ್ನೇ ಬೈದುಕೊಂಡು ಇರಿ ಅಂತ ಸುಮ್ಮನಾದೆ."

ಪ್ರಾಪ್ತಿ ಜಗಲಿಯಲ್ಲಿ ಕೂತಳು. ಅಪ್ಪ ಹೇಳಿದ ಹಾಗೆಯೇ ತುಳುವಿನಲ್ಲಿ ಹೇಳಿ ಎಂದಳು. ಅವನು ಹೇಳಿದ. ಅಪ್ಪನದೇ ಮಾತು ಅದು. ಅವಳು ಬಿಕ್ಕಿ ಬಿಕ್ಕಿ ಅತ್ತಳು, ಅವನೂ ಅತ್ತ.

"ಇವತ್ತೇ ಹೋಗುವುದಾ?"

"ಹೋಗ್ಬೇಕು. ಅಲ್ಲಿಯೂ ಮಣ್ಣಿನಡಿ ಜನ ಇದ್ದಾರೆ."

ಅಂದು ತನ್ನನ್ನು ಎಳೆದೊಯ್ದ ಕೈಯನ್ನು ಅವಳು ಎರಡೂ ಕೈಗಳಿಂದ ಹಿಡಿದುಕೊಂಡಳು.

"ಹೋಗಿ. ಆದ್ರೆ ವಾಪಸು ಬರ್ಬೇಕು. ಅಪ್ಪ ನನ್ನನ್ನು ನಿಮ್ಮ ಕೈಯಲ್ಲೇ ಕೊಟ್ಟದ್ದಲ್ವಾ?"

"ಬರ್ತೇನೆ... ಆವತ್ತು ನಿಮ್ಮ ಬಾಯಿ ಮುಚ್ಚಿಸಿದ್ದೆ. ಬಂದ ಮೇಲೆ ನೀವು ಹೇಳಿದ್ದನ್ನೆಲ್ಲ ಕೂತು ಕೇಳ್ತೇನೆ."