ದ್ರಾಕ್ಷಿ ಕೋಣೆಯ ಕಿಣ್ವ

“ಐಸ್ ಎಲ್ಲಿ ಮಾಮ?”

ಚಿನ್ನಮನೂರಿನ ಶೀತಗೃಹದ ಬಾಗಿಲಲ್ಲಿ ನಿಂತು ಅಮುದಾ ಕೇಳಿದಳು. ಧನಪಾಲ್ ಹೆಮ್ಮೆಯಿಂದ ನಕ್ಕ. ಅವನು ಅವಳನ್ನು ಕರೆಯುವುದೇ ‘ಪುಳ್ಳೆ’, ಅಂದರೆ ಹುಡುಗಿ, ಎಂದು.

“ಎತ್ತಿ ಆಚೆ ಹಾಕ್ದೆ ಪುಳ್ಳೆ. ಹೆಪ್ಪುಗಟ್ಟಿದ್ರೆ ಕೆಟ್ಟೋಗಲ್ವಾ? ಪನ್ನೀರ್ ದ್ರಾಕ್ಷಿ ಪಕ್ಕದಲ್ಲೇ, ಪೇಪರ್ ಸುತ್ತಿ ಮಡಗಿದೀನಿ!”

ಪೆಟ್ಟಿಗೆಯ ಪುಟ್ಟ ನಳಿಕೆಗಳಲ್ಲಿದ್ದದ್ದು ದ್ರಾಕ್ಷಿಯಲ್ಲ, ಒಂದು ಕಿಣ್ವ. ಎಲೆಯ ಹಸಿರು ಕಣಗಳ ಪೊರೆಗೆ ಬೇಕಾದ ಕೊಬ್ಬನ್ನು ತಯಾರಿಸುವಂಥದ್ದು. ಗಿಡದ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಅದನ್ನು ಮಾಡಿಸಿಕೊಳ್ಳಲು ಅಮುದಾಳಿಗೆ ಒಂದು ವರ್ಷ ಹಿಡಿದಿತ್ತು. ತೇನಿಯ ಲ್ಯಾಬಿನ ಫ್ರೀಜರ್ ಕೈಕೊಟ್ಟಿತೆಂದು ಐಸ್ ತುಂಬಿದ ಪೆಟ್ಟಿಗೆಯಲ್ಲಿ, ಧನಪಾಲ್ ದ್ರಾಕ್ಷಿ ಇಡುವ ಈ ಶೀತಗೃಹಕ್ಕೆ ಕಳಿಸಿದ್ದಳು.

“ಅಯ್ಯೋ... ಸತ್ತೋಯ್ತು! ನೀನೇ ಕೊಂದೆ! ದ್ರಾಕ್ಷಿ ಬಿಟ್ರೆ ನಿನಗೆ ಬೇರೇನು ಗೊತ್ತು?”

ಧನಪಾಲ್ ಪೆಟ್ಟಿಗೆಯನ್ನು ಅವಳ ಕೈಗಿತ್ತು ಒಳಗೆ ಹೋದ.

ಮಾಮ ಎಂದು ಕರೆದರೂ ಅವನು ಅವಳ ಸೋದರಮಾವನ ಮಗ. ಅವರ ಮನೆತನಗಳಲ್ಲಿ ಮುರೈ, ಅಂದರೆ ಮದುವೆಯ ಹಕ್ಕು, ಹುಟ್ಟಿನೊಂದಿಗೇ ಬರುತ್ತದೆ. ಆದ್ದರಿಂದ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಅಜ್ಜಿ ರಾಜಮ್ಮಾಳ್ ಮದುವೆ ಸೀರೆಯ ಬಣ್ಣವನ್ನೂ ನಿಶ್ಚಯಿಸಿಯಾಗಿತ್ತು. ಕೇಳಬೇಕಾದವನು ಮಾತ್ರ ಇನ್ನೂ ಕೇಳಿರಲಿಲ್ಲ.

ಆಮೇಲೆ ಅವನ ಫೋನೂ ಬರಲಿಲ್ಲ.

ಲ್ಯಾಬಿನಲ್ಲಿ ತಮಿಳು, ವರದಿಯಲ್ಲಿ ಇಂಗ್ಲಿಷ್. ಅಮುದಾ ದಿನವೂ ಮನೆಮಾತಾದ ಕನ್ನಡ ಆಡುತ್ತಿದ್ದುದು ಅವನೊಬ್ಬನೊಂದಿಗೇ. ಒಂದು ಸಂಜೆ ಊಟದ ಡಬ್ಬಿ ತೆರೆದು, ಗರಗರ ತಿರುಗುತ್ತಿದ್ದ ಲ್ಯಾಬಿನ ಯಂತ್ರಕ್ಕೇ ಹೇಳಿದಳು: “ಸಾರು ಉಪ್ಪಾಯ್ತು ಕಣೋ.”

ಯಂತ್ರ ಸುಮ್ಮನೆ ತಿರುಗಿತು. ಬಹಳ ಸಭ್ಯ ಯಂತ್ರ.

‘ನಾನು ಯಾಕೆ ಹಾಗಂದೆ...’

ನಳಿಕೆಗಳನ್ನು ಎಸೆಯುವ ಮೊದಲು ಒಮ್ಮೆ ಪರೀಕ್ಷಿಸಿ ನೋಡಿದಳು. ಗಾಜಿನ ತಟ್ಟೆಯ ಮೇಲೆ, ಇರಬೇಕಾದ ಜಾಗದಲ್ಲೇ, ಹೊಸ ಕೊಬ್ಬಿನ ಕಲೆ ಮೂಡಿತು!

ಕಿಣ್ವ ಬದುಕಿತ್ತು. ಅವಳೇ ಬೆರೆಸಿದ್ದ ಗ್ಲಿಸರಿನ್ ಮತ್ತು ದ್ರಾಕ್ಷಿ ಕೋಣೆಯ ತಂಪು ಅದನ್ನು ಕಾಪಾಡಿದ್ದವು. ಪರೀಕ್ಷಿಸದೆಯೇ ಸಾವು ಸಾರಿದವಳು ಸಂಶೋಧಕಿ!

ಮರುದಿನ ಮಾರ್ಕಯನ್‌ಕೋಟ್ಟೈಯಲ್ಲಿದ್ದ ಅವನ ದ್ರಾಕ್ಷಿ ತೋಟಕ್ಕೆ ಹೋದಳು. ಧನಪಾಲ್ ಚಪ್ಪರದಡಿ ಗೊಂಚಲು ಕತ್ತರಿಸುತ್ತಿದ್ದ. ತಿರುಗಿ ನೋಡಲಿಲ್ಲ.

“ಬದುಕಿದೆ ಮಾಮ.”

“ಯಾರು?”

“ನೀನು ಕೊಂದದ್ದು. ತಪ್ಪು ನಂದು...”

ಕತ್ತರಿ ನಿಂತಿತು. “ಪೆಟ್ಟಿಗೆ ವಿಷಯ ಬಿಡು. ದ್ರಾಕ್ಷಿ ಬಿಟ್ರೆ ಏನು ಗೊತ್ತು ಅಂದೆ. ನಿಜಾನೇ. ಅದಕ್ಕೇ ನಿನ್ನ ಕೇಳಕ್ಕೆ ಭಯ ಆಯ್ತು.”

“ಕೇಳ್ದೇನೇ ಇಲ್ಲ ಅಂತೀನಿ ಅಂದ್ಕೊಂಡ್ಯಾ?”

“ನೀನು ನೋಡ್ದೇನೇ ಸತ್ತೋಯ್ತು ಅಂದ್ಯಲ್ಲಾ!”

ಅವಳಿಗೆ ನಗು ಬಂತು. ಕಣ್ಣೀರೂ ಬಂತು.

“ಸರಿ, ಈಗ ಕೇಳು.”

ಅವನು ಲುಂಗಿಗೆ ಕೈ ಒರೆಸಿಕೊಂಡ. “ನನ್ನ ಕಟ್ಕೊಳ್ತೀಯಾ ಅಮುದಾ? ಮುರೈ ಅಂತ ಅಲ್ಲ... ನಿನಗೆ ಇಷ್ಟ ಇದ್ರೆ.”

“ಮುರೈ ಅಂತ ಆಗಿದ್ರೆ ಬಸ್ ಹತ್ತಿ ಬರ್ತಿದ್ನಾ? ಇಷ್ಟ ಮಾಮ... ಏನಾದ್ರೂ ಮಾತಾಡು. ನಿನ್ನ ಮಾತು ಕೇಳಿ ಎಷ್ಟು ದಿನ ಆಯ್ತು!”

“ಎಲ್ಲಿಂದ ಶುರು ಮಾಡ್ಲಿ?”

“ಅವತ್ತಿಂದಾನೇ. ಐಸ್ ಎಲ್ಲಿ ಮಾಮ?”

“ಎತ್ತಿ ಆಚೆ ಹಾಕ್ದೆ ಪುಳ್ಳೆ,” ಎಂದ ಧನಪಾಲ್, ಈ ಸಲ ಹೆದರುತ್ತಲೇ.

ಈ ಸಲ ನಕ್ಕವಳು ಅಮುದಾ.