ನಾಲ್ಕನೇ ಮೂಲೆಯ ಬಿಸಿ

ಸೋಮವಾರ ಬೆಳಿಗ್ಗೆ 9.20ಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ದೂರನ್ನು ಟೈಪ್ ಮಾಡಿಸಿಯೇ ತಂದಿದ್ದಳು. ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳನ್ನು ಆಂಬುಲೆನ್ಸಿನಲ್ಲಿ ಬೆಚ್ಚಗಿಟ್ಟು ಒಯ್ಯುವ ಬ್ಯಾಟರಿ ಪೆಟ್ಟಿಗೆ ಒಂದು, ಭಾನುವಾರ ಸಂಜೆ ಆರರ ನಂತರ ಕಾಣೆಯಾಗಿದೆ.

"ಇನ್ನೊಂದು ಮಾಡ್ಕೊಳ್ಳಕ್ಕಾಗಲ್ವಾ?" ಎಂದರು ಇನ್ಸ್‌ಪೆಕ್ಟರ್.

"ಇದೊಂದಕ್ಕೇ ಮೂರು ವರ್ಷ ಹಿಡೀತು ಸರ್. ಗುರುವಾರ ಮಧ್ಯಾಹ್ನ ಮೂರಕ್ಕೆ ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷೆ. ಪಾಸಾದ್ರೆ ದೇಶದ ಆಂಬುಲೆನ್ಸ್‌ಗಳಿಗೆಲ್ಲ ಹೋಗುತ್ತೆ. ತಪ್ಪಿದ್ರೆ ಮುಂದಿನ ಸರದಿ ಎರಡು ವರ್ಷಕ್ಕೆ. ಅಲ್ಲೀವರೆಗೆ ನಮ್ಮ ಕಂಪನಿ ಉಳಿಯಲ್ಲ."

"ಬೀಗ ಒಡೆದಿದ್ರಾ?"

"ನಮ್ಮಲ್ಲಿ ಬೀಗಾನೇ ಹಾಕಲ್ಲ. ಬೇಕಾದವರು ಬೇಕಾದ್ದು ತಗೊಂಡು ಚೀಟಿ ಇಟ್ಟು ಹೋಗ್ತಾರೆ. ಈ ಸಲ ಚೀಟಿ ಇರಲಿಲ್ಲ. ಅದಕ್ಕೇ ಕಳ್ಳತನ ಅಂತಿದೀನಿ."

ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಇನ್ಸ್‌ಪೆಕ್ಟರಿಗೆ ಕಳ್ಳರಿಗಿಂತ ಬೀಗ ಹಾಕದವರ ಮೇಲೇ ಸಿಟ್ಟು ಜಾಸ್ತಿ. ಆದರೂ ಗಂಟೆ ಹತ್ತಾಗುವ ಮೊದಲೇ ಎಫ್‌ಐಆರ್ ದಾಖಲಾಯಿತು.

10.45ಕ್ಕೆ ಸ್ಥಳ ಮಹಜರು. ಹಿಂದೆ ನೂಲಿನ ಗಿರಣಿಯಾಗಿದ್ದ ಕಟ್ಟಡದಲ್ಲಿ ಈಗ ಹತ್ತಡಿ ಅಗಲದ ನಲವತ್ತು ಕೋಣೆ, ಕೋಣೆಗೊಂದು ಹೊಸ ಕಂಪನಿ. ಒಂದರಲ್ಲಿ ನೆಲದಡಿಯ ಪೈಪು ಎಲ್ಲಿ ಸೋರುತ್ತಿದೆಯೆಂದು ಸದ್ದು ಕೇಳಿಯೇ ಹೇಳುವ ಯಂತ್ರ. ಪಕ್ಕದಲ್ಲಿ ಕಣ್ಣು ಕಾಣದವರ ಕೈಗೋಲಿಗೆ ರಸ್ತೆಗುಂಡಿ ಗುರುತಿಸಲು ಕಲಿಸುತ್ತಿದ್ದ ಅಕ್ಕತಂಗಿಯರು. ಅವರ ಬೆಸುಗೆ ಕಡ್ಡಿ ಕೆಟ್ಟಾಗ ಪೈಪಿನವನು ಕೇಳದೆಯೇ ತನ್ನದನ್ನು ತಂದುಕೊಟ್ಟ. ಪಂಚನಾಮೆ ಬರೆಯುತ್ತಿದ್ದ ಮಹಿಳಾ ಕಾನ್‌ಸ್ಟೇಬಲ್ ಬರೆಯುವುದನ್ನೇ ಮರೆತಳು.

"ನಮ್ಮ ದೇಶದಲ್ಲಿ ಇಷ್ಟೊಂದು ತಲೆ ಇದ್ಯಾ ಸರ್?"

"ಇದೆ. ನಮ್ಮ ಠಾಣೆ ಕಡೆ ಬರಲ್ಲ, ಅಷ್ಟೆ."

ಕಟ್ಟಡದ ಮೇಲ್ವಿಚಾರಕ ಕಪಾಟು ತೆರೆದು ಐದು ದಪ್ಪ ಪುಸ್ತಕ ತೋರಿಸಿದ. "ಹತ್ತರಲ್ಲಿ ಒಂಬತ್ತು ಕಂಪನಿ ಮುಚ್ಚಿಹೋಗ್ತವೆ ಸರ್. ಆದ್ರೆ ಮುಚ್ಚಿದವರು ಸುಮ್ನೆ ಹೋಗೋ ಹಾಗಿಲ್ಲ. ಶನಿವಾರ ಎಲ್ಲರ ಮುಂದೆ ನಿಂತು, ಎಲ್ಲಿ ಎಡವಿದೆ ಅಂತ ಹೇಳಿ ಹೋಗ್ಬೇಕು. ಅದನ್ನೆಲ್ಲ ಇದರಲ್ಲಿ ಬರೆದಿಡ್ತೀವಿ. ಮುಂದಿನವರು ಅಲ್ಲೇ ಬೀಳಬಾರದಲ್ಲ!"

"ನಮ್ಮ ಇಲಾಖೆಯಲ್ಲಿ ಇದನ್ನ ಶುರು ಮಾಡಿದ್ರೆ ಐದು ಪುಸ್ತಕ ಸಾಲಲ್ಲ," ಎಂದರು ಇನ್ಸ್‌ಪೆಕ್ಟರ್. ತಮಾಷೆಗೆ ಹೇಳಿದ್ದರೂ ಅವರಿಗೆ ಒಳಗೊಳಗೇ ಹೊಟ್ಟೆಕಿಚ್ಚಾಯಿತು. ಬಿದ್ದದ್ದನ್ನು ಹೀಗೆ ತಲೆಯೆತ್ತಿ ಹೇಳಿಕೊಳ್ಳುವ ಜನರನ್ನು ಅವರು ಎಲ್ಲೂ ಕಂಡಿರಲಿಲ್ಲ.

ಅಂದು ನಲವತ್ತೂ ಕೋಣೆ ಜಾಲಾಡಿದರೂ ಏನೂ ಸಿಗಲಿಲ್ಲ.

ಮಂಗಳವಾರ 11.10ಕ್ಕೆ ದೂರುದಾರಳ ಫೋನು ಬಂತು. ಪೆಟ್ಟಿಗೆಯೊಳಗೊಂದು ಸಿಮ್ ಇತ್ತು. ಪೆಟ್ಟಿಗೆ ಚಾಲೂ ಇದ್ದಾಗ ನಾಲ್ಕು ಮೂಲೆಗಳ ಬಿಸಿಯನ್ನು ಹತ್ತು ನಿಮಿಷಕ್ಕೊಮ್ಮೆ ಅವಳ ಕಂಪ್ಯೂಟರಿಗೆ ಕಳಿಸುತ್ತಿತ್ತು.

"ಯಾರೋ ಈಗ ಆನ್ ಮಾಡಿದಾರೆ ಸರ್. ಆದ್ರೆ... ನಾಲ್ಕನೇ ಮೂಲೆ ಬೆಚ್ಚಗಾಗಿದೆ!"

"ಅಂದ್ರೆ?"

"ಆ ಮೂಲೆ ಯಾವಾಗ್ಲೂ ಎರಡು ಡಿಗ್ರಿ ತಣ್ಣಗಿರ್ತಿತ್ತು. ಎಂಟು ತಿಂಗಳಿಂದ ತಿಣುಕಾಡಿದೀನಿ, ಸರಿಹೋಗಿರಲಿಲ್ಲ. ಕದ್ದವನು ರಿಪೇರಿ ಮಾಡಿದಾನೆ."

ಕದ್ದ ಮಾಲನ್ನು ಮಾರುವವರನ್ನು, ಬಚ್ಚಿಡುವವರನ್ನು ಇನ್ಸ್‌ಪೆಕ್ಟರ್ ಕಂಡಿದ್ದರು. ರಿಪೇರಿ ಮಾಡುವ ಕಳ್ಳ ಇವನೇ ಮೊದಲು. ಸಿಗ್ನಲ್ಲು ಗಿರಣಿಯ ಪಕ್ಕದ ಟವರಿನದೇ, ಆದರೆ ಅದರಡಿ ಮೂರು ಸಾವಿರ ಮನೆಗಳಿದ್ದವು. ಇನ್ಸ್‌ಪೆಕ್ಟರ್ ಕಾನ್‌ಸ್ಟೇಬಲ್‌ನತ್ತ ತಿರುಗಿದರು. "ಆ ಐದು ಪುಸ್ತಕ ತರಿಸಿ ಓದಮ್ಮ. ಈ ರೋಗಕ್ಕೆ ಮದ್ದು ಗೊತ್ತಿರೋನು ಅದರಲ್ಲೇ ಇರ್ತಾನೆ."

ಬುಧವಾರ ಮಧ್ಯಾಹ್ನ 2.30ಕ್ಕೆ ಕಾನ್‌ಸ್ಟೇಬಲ್ ನಾಲ್ಕನೇ ಪುಸ್ತಕದಲ್ಲಿ ಬೆರಳಿಟ್ಟು ತಂದಳು. ಐದು ತಿಂಗಳ ಹಿಂದಿನ ಶನಿವಾರದ ಪುಟ: 'ಬಿಸಿಗಾಳಿಯನ್ನು ಮೇಲಿನಿಂದ ಬಿಟ್ಟರೆ ಒಂದು ಮೂಲೆ ತಣ್ಣಗುಳಿಯುತ್ತದೆ. ಹಾಸಿಗೆಯ ಕೆಳಗಿನಿಂದ ಬಿಡಬೇಕು. ನನಗಿದು ತಿಳಿಯುವಷ್ಟರಲ್ಲಿ ಕಂಪನಿ ಮುಳುಗಿತ್ತು.' ಹೇಳಿದವನನ್ನು ಗಿರಣಿಯಲ್ಲಿ ಎಲ್ಲರೂ ಸ್ಕ್ರೂ ಅಣ್ಣ ಎನ್ನುತ್ತಿದ್ದರು. ನಾಲ್ಕು ವರ್ಷ ಇಂಥದೇ ಪೆಟ್ಟಿಗೆ ಮಾಡಲು ಹೆಣಗಿ, ಸೋತು, ಈಗ ಬೇರೆಯವರ ಯಂತ್ರ ಸರಿಮಾಡಿಕೊಂಡಿದ್ದವನು.

ಹಿಂದಿನ ಬೀದಿಯ ಅವನ ಮನೆಯ ಬಾಗಿಲು ತೆರೆದದ್ದು ಹೆಂಡತಿ. "ಒಳಗಿದ್ದಾರೆ. ಮೂರು ದಿನದಿಂದ ಊಟಕ್ಕೂ ಏಳ್ತಿಲ್ಲ. ಹೊಸ ಕೆಲಸ ಸಿಕ್ಕಿದೆಯಂತೆ." ಅವಳ ಮುಖದಲ್ಲಿದ್ದ ಗೆಲುವು ನೋಡಿ ಕಾನ್‌ಸ್ಟೇಬಲ್ ತಲೆತಗ್ಗಿಸಿದಳು.

ಪೆಟ್ಟಿಗೆ ಮೇಜಿನ ಮೇಲಿತ್ತು, ಚಾಲೂ ಇತ್ತು. ಸ್ಕ್ರೂ ಅಣ್ಣ ಓಡಲಿಲ್ಲ.

"ಆನ್ ಮಾಡಿದ್ರೆ ಸಿಕ್ಕಿಬೀಳ್ತೀಯ ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು ಸರ್. ಆನ್ ಮಾಡಿ ಅಳೆಯದೆ ಸರಿಹೋಯ್ತು ಅಂತ ಹೇಗೆ ಹೇಳೋದು?"

ಇಬ್ಬರು ಪಂಚರ ಸಮಕ್ಷಮ ಮಾಲು ಜಪ್ತಿಯಾಯಿತು. ಸಂಜೆ 4.05ಕ್ಕೆ ಬಂಧನ. 'ಮಾಲಿನ ಸ್ಥಿತಿ' ಎಂಬಲ್ಲಿ ಕಾನ್‌ಸ್ಟೇಬಲ್ ತಡವರಿಸಿದಾಗ ಇನ್ಸ್‌ಪೆಕ್ಟರ್ ತಾವೇ ಹೇಳಿ ಬರೆಸಿದರು: ಕಳುವಾದಾಗಿನದಕ್ಕಿಂತ ಉತ್ತಮ.

ಠಾಣೆಯಲ್ಲಿ ಅವನ ಹೇಳಿಕೆ ಒಂದೇ ಪುಟದ್ದು. "ನಾಲ್ಕು ವರ್ಷದ ಸೋಲನ್ನ ಹತ್ತು ನಿಮಿಷದಲ್ಲಿ ಹೇಳಿದೆ ಸರ್. ಅಲ್ಲಿದ್ದವರಲ್ಲಿ ಯಾರಿಗೂ ಅದು ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಈ ಪೆಟ್ಟಿಗೆ ಮಾಡ್ತಿದ್ದ ಅವಳೊಬ್ಬಳಿಗೆ. ಅವಳ ಕುರ್ಚಿ ಖಾಲಿ ಇತ್ತು. ಆಮೇಲೂ ಬಂದು ಕೇಳಲಿಲ್ಲ. ಹಾಳಾಗಿಹೋಗಲಿ ಅಂತಲೇ ಹೊತ್ಕೊಂಡು ಬಂದೆ. ಮುಚ್ಚಳ ತೆಗೆದ್ರೆ ನನ್ನದೇ ತಪ್ಪು ಒಳಗೆ ಕೂತಿತ್ತು. ಒಂದು ಮಗುವಿನ ಕಾಲು ಆ ಮೂಲೆಯಲ್ಲಿ ತಣ್ಣಗಿರೋದು ನೆನೆದೆ. ಬಿಡಕ್ಕಾಗಲಿಲ್ಲ."

ದೂರುದಾರಳು ಅದನ್ನು ಓದಿ ಹಾಳೆಯನ್ನು ಮೇಜಿನ ಮೇಲಿಟ್ಟಳು. "ಆ ಶನಿವಾರ ಆಸ್ಪತ್ರೆಯಲ್ಲಿದ್ದೆ. ಪುಸ್ತಕವನ್ನಾದ್ರೂ ಓದಬೇಕಿತ್ತು," ಎಂದಳು.

ಜಪ್ತಿಯಾದ ಮಾಲು ನ್ಯಾಯಾಲಯದ ಅಪ್ಪಣೆಯಿಲ್ಲದೆ ಹೊರಬೀಳುವಂತಿಲ್ಲ. ಗುರುವಾರ ಕೋರ್ಟು ತೆರೆಯುವ ಮೊದಲೇ ಅರ್ಜಿ ಹಿಡಿದು ನಿಂತಿದ್ದವರು ಇನ್ಸ್‌ಪೆಕ್ಟರೇ. 12.40ಕ್ಕೆ ಪೆಟ್ಟಿಗೆ ಅವಳ ಕೈಸೇರಿತು. ಸ್ಕ್ರೂ ಅಣ್ಣ ತನ್ನ ಸರದಿಗಾಗಿ ಕೋರ್ಟಿನ ಪಡಸಾಲೆಯ ಬೆಂಚಿನ ಮೇಲೆ ಕೂತ.

4.25ಕ್ಕೆ ಇನ್ಸ್‌ಪೆಕ್ಟರಿಗೆ ಆಸ್ಪತ್ರೆಯಿಂದ ಫೋನು.

"ಪಾಸಾಯ್ತು ಸರ್. ಫಾರಂನಲ್ಲಿ ತಯಾರಿಸಿದವರು ಯಾರು ಅಂತ ಕೇಳಿದ್ರು. ಎರಡು ಹೆಸರು ಬರೆದೆ. ಕೇಸಿಗೇನಾದ್ರೂ ತೊಂದರೆ ಆಗುತ್ತಾ?"

"ಕೇಸು ಕೇಸಿನ ಪಾಡಿಗೆ ನಡೆಯುತ್ತಮ್ಮ. ಅದು ನಿಮ್ಮ ಫಾರಂ."

ಅವರು ಬೆಂಚಿನ ಬಳಿ ಬಂದು, ಅವಳು ಹೇಳಿದ್ದನ್ನು ಹಾಗೆಯೇ ಹೇಳಿದರು. ಸ್ಕ್ರೂ ಅಣ್ಣ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಒಳಗಿನಿಂದ ಅವನ ಹೆಸರು ಕೂಗಿದರು.

"ಬಂದೆ," ಎಂದು ಅವನು ಕಣ್ಣೊರೆಸಿಕೊಂಡು ಎದ್ದ.